ಹೆಂಡ ಇಳಿಸುವವರ ಮೊಮ್ಮಗನಿಗೆ ಕೇಳುವ ಪ್ರಶ್ನೆ

"ನಿಮ್ಮದು ಹೆಂಡ ಇಳಿಸುವವರ ಮನೆತನವಂತೆ. ಹಾಗಾದರೆ ಪಾನನಿಷೇಧಕ್ಕೆ ನಿಮ್ಮ ವಿರೋಧವೇ ಇರಬೇಕು?"

ಹೌದು, ನಾವು ಈಡಿಗರು. ಅಜ್ಜ ಈಚಲ ಮರ ಹತ್ತುತ್ತಿದ್ದರು. ಪ್ರಶ್ನೆಯೊಳಗೇ ಉತ್ತರ ತುರುಕಿ ನಗುವವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಇದನ್ನೇ ಓದಿಕೊಳ್ಳಿ.

ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ನಿವೃತ್ತ ಅಧಿಕಾರಿಯೊಬ್ಬರು ಪಾಯಸ ಸುರಿಯುತ್ತಾ, "ಊರಿಗೆಲ್ಲ ಕುಡಿಸಿ ಕೆಡಿಸಿದವರಪ್ಪಾ ನೀವು" ಎಂದರು. ಅದೇ ಮಹಾಶಯರು ರಾತ್ರಿ ತಾರಸಿಯಲ್ಲಿ ಗ್ಲಾಸು ಚಾಚಿ, "ಸೋಡಾ ನೀವೇ ಬೆರೆಸಿ, ನಿಮಗೆ ರಕ್ತದಲ್ಲೇ ಬಂದಿದೆ" ಎಂದರು. ನಾನು ಲೆಕ್ಕಪತ್ರ ಬರೆದು ಬದುಕುವವನು ಸ್ವಾಮಿ.

ಸಂಜೆ ಮರಕ್ಕೆ ಕಟ್ಟಿದ ಗಡಿಗೆಯಲ್ಲಿ ರಸ ಬೆಳಗಾಗುವುದರೊಳಗೆ ತಾನಾಗಿಯೇ ಹುದುಗತೊಡಗುತ್ತದೆ. ಹೊತ್ತೇರಿದಂತೆ ಹುಳಿಯಾಗುತ್ತದೆ. ಕೂಡಿಡಲು, ದೂರ ಸಾಗಿಸಲು ಬಾರದ ಈ ಹೆಂಡವನ್ನು ಹೊಲದಲ್ಲಿ ದುಡಿದವರು ಕುಡಿದು ಮನೆಗೆ ಹೋಗುತ್ತಿದ್ದರು. ಎಲ್ಲರೂ ನೆಟ್ಟಗೇ ಹೋಗುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬ. ಹೆಂಡ ಮಾರುವುದೇ ಅವನ ಕಾಯಕ. ಕಲ್ಯಾಣದಲ್ಲಿ ಸಂದದ್ದು ಗೃಹಪ್ರವೇಶದಲ್ಲಿ ಸಲ್ಲಲಿಲ್ಲ.

ಇನ್ನು ನಿಷೇಧದ ಮಾತು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲ ಮರಗಳನ್ನು ಕಡಿದುರುಳಿಸಿದರು. ಆ ಹೋರಾಟದಲ್ಲಿ ನಿಜಲಿಂಗಪ್ಪನವರು ಜೈಲಿಗೂ ಹೋದರು. 1967ರಲ್ಲಿ ಮೈಸೂರು ರಾಜ್ಯ ಪಾನನಿಷೇಧವನ್ನು ತೆಗೆದುಹಾಕಿದಾಗ ಮುಖ್ಯಮಂತ್ರಿ ಯಾರು? ಅದೇ ನಿಜಲಿಂಗಪ್ಪನವರು. ನಿಲುವು ಬದಲಿಸುವ ಹಕ್ಕು ಅವರಿಗಿತ್ತು, ಕಡಿದ ಮರಗಳಿಗೆ ಚಿಗುರುವ ಹಕ್ಕಿರಲಿಲ್ಲ.

2004ರಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದೆಡೆ ಹೆಂಡ ನಿಂತಿತು. ಕ್ಲೋರಲ್ ಹೈಡ್ರೇಟ್ ಎಂಬ ಮಂಪರು ತರಿಸುವ ರಾಸಾಯನಿಕ ಬೆರೆಸಿ ಮಾರುತ್ತಿದ್ದುದು ಸುಳ್ಳಲ್ಲ, ಒಪ್ಪುತ್ತೇನೆ. 2007ರ ಜುಲೈ 1ರಂದು ಸಾರಾಯಿ ಹೋಯಿತು. ಸಾರಾಯಿ ಅಂಗಡಿ ಮುಚ್ಚಿಸಲು ಬೀದಿಗಿಳಿದ ಹೆಂಗಸರ ಎದುರು ವಾದಿಸುವ ಮುಖ ನನಗಿಲ್ಲ. ಆದರೆ ತಾರಸಿಯ ಬಾಟಲಿಗೆ ಏನಾಯಿತು? ಮದ್ಯ ನಿಷೇಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. 2025-26ರ ರಾಜ್ಯ ಬಜೆಟ್ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆನ್ನುತ್ತದೆ. ನಿಷೇಧವನ್ನು ಆ ಬಾಟಲಿಯಿಂದ ಆರಂಭಿಸುವುದಾದರೆ ಮೊದಲ ಸಹಿ ನನ್ನದು.

ಮರದಿಂದ ಇಳಿದವರು ಆಮೇಲೆ ಏನು ಮಾಡಿದರು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ನನ್ನ ಚಿಕ್ಕಪ್ಪ ಬೆಂಗಳೂರಿಗೆ ಬಂದು ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವ ಕೆಲಸ ಹಿಡಿದರು. ಎತ್ತರದ ಹೆದರಿಕೆ ಇರಲಿಲ್ಲವಲ್ಲ. ಸಂಜೆ ಮೈಕೈ ನೋವೆಂದು ಸರ್ಕಾರದ ಪರವಾನಗಿ ಇರುವ ಅಂಗಡಿಗೆ ಹೋಗುತ್ತಾರೆ. ಕುಡಿಯಲು ಕಲಿತದ್ದೇ ಅಲ್ಲಿ. ಊರಿನಲ್ಲಿದ್ದಾಗ ಮುಟ್ಟುತ್ತಿರಲಿಲ್ಲ, ನಸುಕಿನಲ್ಲೇ ಮರ ಹತ್ತಬೇಕಿತ್ತು.