ಜೇನಿಗೋಸ್ಕರ ಕ್ಯೂ

2019ರ ಫೆಬ್ರವರಿ ಮೊದಲ ವಾರ. ಶ್ರೀನಿವಾಸಪುರದ ಕಡೆ ಮಾವು ಹೂ ಬಿಟ್ಟು ತೋಟವೆಲ್ಲ ಘಮ್ ಅಂತಿತ್ತು. ಅವತ್ತು ಸಂಜೆ ಜರ್ಮನಿಯ ಮ್ಯೂನಿಕ್‌ನಿಂದ ಅಕ್ಕನ ಮಗಳು ಫೋನ್ ಮಾಡಿದಳು. "ಮಾವ, ಇಲ್ಲಿ ಟೌನ್ ಹಾಲ್ ಮುಂದೆ ಜನ ಈ ಚಳೀಲಿ ಉದ್ದಕ್ಕೆ ಕ್ಯೂ ನಿಂತಿದ್ದಾರೆ. ಯಾಕೆ ಹೇಳು ನೋಡೋಣ?" ನಮಗೆ ಕ್ಯೂ ಅಂದ್ರೆ ರೇಷನ್, ಆಧಾರ್, ಪಹಣಿ. ಮೂರೂ ಹೇಳಿದೆ. "ಅಲ್ಲ ಮಾವ, ಜೇನುಹುಳಕ್ಕೆ!" ಅಂದಳು.

ಸುಮ್ನೆ ತಮಾಷೆ ಮಾಡ್ತಾಳೆ ಅಂದುಕೊಂಡೆ. ಅವತ್ತು ಬೆಳಗ್ಗೆ ತಾನೇ ಜಿಗಿಹುಳಕ್ಕೆ ಅಂತ ನಾನು ಹೂವಿನ ಮೇಲೆಯೇ ಔಷಧಿ ಹೊಡೆಸಿದ್ದೆ. ಹಿಂದಿನ ದಿನ ಮರದ ಕೆಳಗೆ ನಿಂತರೆ ಗುಂಯ್ ಅನ್ನೋ ಸದ್ದು ಇತ್ತು, ಔಷಧಿ ಬಿದ್ದ ಮೇಲೆ ಒಂದು ನೊಣವೂ ಇರಲಿಲ್ಲ. ಅದನ್ನ ಅವಳಿಗೆ ಹೇಳಲಿಲ್ಲ ಬಿಡಿ.

ವಿಷಯ ಏನಂದ್ರೆ, ಮ್ಯೂನಿಕ್ ಇರೋದು ಬವೇರಿಯಾ ರಾಜ್ಯದಲ್ಲಿ. ಅಲ್ಲಿ ಕಾನೂನು ಮಾಡೋಕೆ ಎರಡು ದಾರಿ. ಒಂದು ನಮ್ಮ ಹಾಗೆ ವಿಧಾನಸಭೆ. ಇನ್ನೊಂದು, ಜನರೇ ಮಸೂದೆ ಬರೆದು ತರೋದು. ಮೊದಲು 25,000 ಸಹಿ ಬೇಕು. ಅದಕ್ಕೆ ಒಪ್ಪಿಗೆ ಸಿಕ್ಕಿದರೆ ಎರಡು ವಾರ ಗಡುವು ಕೊಡುತ್ತಾರೆ. ಅಷ್ಟರಲ್ಲಿ ರಾಜ್ಯದ ಮತದಾರರಲ್ಲಿ ನೂರಕ್ಕೆ ಹತ್ತು ಜನ ಗುರುತಿನ ಚೀಟಿ ಹಿಡಿದು ತಮ್ಮ ಊರಿನ ಪುರಸಭೆ ಕಚೇರಿಗೇ ಹೋಗಿ ಸಹಿ ಹಾಕಬೇಕು. ಮನೆಮನೆಗೆ ಕಾಗದ ಹಿಡ್ಕೊಂಡು ಬಂದು ಸಹಿ ಮಾಡಿಸ್ಕೊಂಡು ಹೋಗೋದೆಲ್ಲ ನಡೆಯಲ್ಲ.

ಆ ಸಲ ಬೇಕಿದ್ದದ್ದು ಸುಮಾರು 9.5 ಲಕ್ಷ ಸಹಿ. ಜನವರಿ 31ರಿಂದ ಫೆಬ್ರವರಿ 13ರವರೆಗೆ ಬಿದ್ದದ್ದು 17 ಲಕ್ಷಕ್ಕೂ ಜಾಸ್ತಿ. ಆ ಮಸೂದೆಯಲ್ಲಿ ಇದ್ದದ್ದೂ ನಮ್ಮಂಥ ರೈತರ ಮಾತೇ: 2030ಕ್ಕೆ ರಾಜ್ಯದ ಬೇಸಾಯದ ಭೂಮಿಯಲ್ಲಿ 30% ಸಾವಯವ ಆಗಬೇಕು, ಹಳ್ಳ ತೊರೆಗಳ ದಡದಿಂದ ಐದು ಮೀಟರ್ ಉಳಬಾರದು, ಹುಲ್ಲುಗಾವಲಿನ ಒಂದು ಪಾಲನ್ನು ಜೂನ್ ಮಧ್ಯದವರೆಗೆ ಕೊಯ್ಯಬಾರದು, ಹುಳಕ್ಕೆ ಹೂ ಉಳಿಯಲಿ ಅಂತ.

ನನಗೆ ತಲೆ ಕೆಟ್ಟಿದ್ದು ಇದನ್ನೆಲ್ಲ ಶುರು ಮಾಡಿದವರು ಯಾರು ಅಂತ ಗೊತ್ತಾದಾಗ. ಓಡಿಪಿ ಅಂತ ಒಂದು ಸಣ್ಣ ಪರಿಸರವಾದಿ ಪಕ್ಷ. 2018ರ ಬವೇರಿಯಾ ಚುನಾವಣೆಯಲ್ಲಿ ಅದಕ್ಕೆ ಬಿದ್ದ ಮತ 1.6%. ಅಲ್ಲಿ 5% ದಾಟದ ಪಕ್ಷಕ್ಕೆ ಒಂದು ಸೀಟೂ ಇಲ್ಲ, ಆ ಪಕ್ಷದವನೊಬ್ಬ ತನ್ನ ಕ್ಷೇತ್ರದಲ್ಲಿ ಎಲ್ಲರಿಗಿಂತ ಜಾಸ್ತಿ ವೋಟು ತಗೊಂಡರೂ ಇಲ್ಲ. (ನಮ್ಮ ಮುಳಬಾಗಿಲಿನಲ್ಲಿ 2018ರಲ್ಲಿ ಪಕ್ಷೇತರರೊಬ್ಬರು ಗೆದ್ದು, ಆಮೇಲೆ ಮಂತ್ರಿಯೂ ಆದರಲ್ಲ, ಆ ಆಟ ಅಲ್ಲಿ ನಡೆಯೋಲ್ಲ.) ಒಬ್ಬ ಶಾಸಕನನ್ನೂ ಗೆಲ್ಲಿಸಿಕೊಳ್ಳಲಾಗದ ಈ ಪಕ್ಷ ಇದೇ ಸಹಿ ದಾರಿ ಹಿಡಿದು ಅದಕ್ಕೂ ಮುಂಚೆ ಎರಡು ಸಲ ರಾಜ್ಯದ ಕಾನೂನು ಬದಲಾಯಿಸಿತ್ತು!

ಒಂದು, 2010ರ ಜುಲೈ. ಹೋಟೆಲು, ಬಿಯರ್ ಅಂಗಡಿಗಳಲ್ಲಿ ಬೀಡಿ ಸಿಗರೇಟು ಪೂರ್ತಿ ಬಂದ್ ಆಗಬೇಕೋ ಬೇಡವೋ ಅಂತ ಜನಮತ. 61% ಬೇಕು ಅಂದರು. ಬಿಯರ್‌ಗೇ ಹೆಸರಾದ ಊರಲ್ಲಿ!

ಇನ್ನೊಂದು ಇನ್ನೂ ಮಜಾ. ಬವೇರಿಯಾಕ್ಕೂ ನಮ್ಮ ವಿಧಾನ ಪರಿಷತ್ತಿನ ಥರ ಒಂದು ಮೇಲ್ಮನೆ ಇತ್ತು. ಹೆಸರು ಸೆನೆಟ್, 60 ಜನ ಸದಸ್ಯರು. ರೈತ ಸಂಘಟನೆ, ಕಾರ್ಮಿಕ ಸಂಘ, ಚರ್ಚು, ವಿಶ್ವವಿದ್ಯಾಲಯ ಹೀಗೆ ಒಂದೊಂದು ಕಡೆಯಿಂದ ಇಷ್ಟಿಷ್ಟು ಜನ. ಸಲಹೆ ಕೊಡೋದು ಬಿಟ್ಟರೆ ಹೆಚ್ಚು ಅಧಿಕಾರ ಇರಲಿಲ್ಲ. 1998ರ ಫೆಬ್ರವರಿಯಲ್ಲಿ ಜನ ವೋಟು ಹಾಕಿ ಇದು ಬೇಡ ಅಂದರು, 1999ರ ಕೊನೆಗೆ ಬಾಗಿಲು ಹಾಕಿತು. ನಮ್ಮ ಪರಿಷತ್ತಿನಲ್ಲಿ 75 ಜನ ಇದ್ದಾರೆ. ಶಿಕ್ಷಕರ ಕ್ಷೇತ್ರಕ್ಕೆ ಎಲೆಕ್ಷನ್ ಬಂದಾಗ ನಮ್ಮೂರ ಮೇಷ್ಟ್ರಿಗೆ ಎಲ್ಲಿಲ್ಲದ ಮರ್ಯಾದೆ. ಪರಿಷತ್ತು ಇರಬೇಕಾ ಬೇಡವಾ ಅಂತ ಮಾತ್ರ ನಮ್ಮನ್ನ ಯಾರೂ ಕೇಳಿಲ್ಲ.

ಹಾಗಂತ ಬವೇರಿಯಾ ದಿನಾ ಸರ್ಕಾರ ಬದಲಾಯಿಸುವ ಊರು ಅಂದ್ಕೋಬೇಡಿ. 1957ರಿಂದ ಅಲ್ಲಿ ಮುಖ್ಯಮಂತ್ರಿ ಕುರ್ಚಿ ಸಿಎಸ್‌ಯು ಅನ್ನೋ ಒಂದೇ ಪಕ್ಷದ ಕೈಯಲ್ಲಿದೆ. ಮಾರ್ಕಸ್ ಸೋಡರ್ ಬಂದದ್ದು 2018ರಲ್ಲಿ; 2023ರಲ್ಲಿ 37% ಮತ ತಗೊಂಡು, ಫ್ರೀ ವೋಟರ್ಸ್ ಅನ್ನೋ ಪಕ್ಷದ ಜೊತೆ ಸೇರಿ ಮತ್ತೆ ಕೂತರು. ರಾಜ್ಯಪಾಲರು ಅನ್ನೋ ಹುದ್ದೆಯೇ ಅಲ್ಲಿಲ್ಲ. ರಾಜಭವನದ ಪತ್ರ, ಮಸೂದೆ ವಾಪಸ್ ಕಳಿಸೋದು, ಇದ್ಯಾವುದೂ ಇಲ್ಲ. ನಮ್ಮ ಪೇಪರಿನವರಿಗೆ ಅರ್ಧ ಸುದ್ದಿ ಕಮ್ಮಿ ಆಗ್ತಿತ್ತು.

ಒಂದೇ ಪಕ್ಷ ಇಷ್ಟು ವರ್ಷ ಕೂತಿದ್ರೂ ಈ ಸಹಿಗಳಿಗೆ ಹೆದರುತ್ತೆ. ಸಹಿ ಸಾಕಷ್ಟು ಬಿದ್ದ ಮೇಲೆ ವಿಧಾನಸಭೆಗೆ ಉಳಿಯೋದು ಎರಡೇ: ಮಸೂದೆಯನ್ನ ಹಾಗೇ ಒಪ್ಪೋದು, ಇಲ್ಲಾ ರಾಜ್ಯವೆಲ್ಲ ವೋಟು ಹಾಕಲಿ ಅಂತ ಬಿಡೋದು. ಬೇಕಿದ್ರೆ ತಮ್ಮದೂ ಒಂದು ಮಸೂದೆ ಪಕ್ಕದಲ್ಲಿ ಇಡಬಹುದು. ಅಲ್ಲಿನ ರೈತ ಸಂಘಟನೆ ಈ ಜೇನಿನ ಮಸೂದೆಗೆ ಜೋರಾಗಿ ವಿರೋಧ ಮಾಡಿತು. ಪಟ್ಟಣದಲ್ಲಿ ಕೂತವರು ಸಹಿ ಹಾಕ್ತಾರೆ, ನಷ್ಟ ನಮಗೆ ಅಂತ. ನಿಜ ಹೇಳಬೇಕಂದ್ರೆ ಅದರಲ್ಲೂ ನ್ಯಾಯ ಇದೆ. ನಾನು ಅಲ್ಲಿದ್ದಿದ್ರೆ ಯಾವ ಕಡೆ ನಿಲ್ತಿದ್ದೆನೋ. ಸೋಡರ್ ಸರ್ಕಾರ ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಿ ಮಾತಾಡಿಸಿತು, ಆಮೇಲೆ ಮಸೂದೆಯನ್ನ ಹಾಗೇ ಒಪ್ಪಿಕೊಂಡು, ರೈತರಿಗೆ ನೆರವಾಗೋಕೆ ಪಕ್ಕದಲ್ಲೇ ಇನ್ನೊಂದು ಕಾನೂನೂ ತಂದಿತು. ಜುಲೈನಲ್ಲಿ ಎರಡೂ ಪಾಸು.

ಒಂದು ಬೇಲಿ ಮಾತ್ರ ಇದೆ. ಬಜೆಟ್ ವಿಷಯಕ್ಕೆ ಜನಮತ ಇಲ್ಲ ಅಂತ ಅವರ ಸಂವಿಧಾನದಲ್ಲೇ ಬರೆದಿದೆ. ಸಹಿ ಹಾಕಿ ಸಾಲ ಮನ್ನಾ ಮಾಡಿಸ್ಕೊಳ್ಳೋಕೆ ಆಗಲ್ಲ ಅಂದೆ. ಅಪ್ಪ ತಕ್ಷಣ ಆಸಕ್ತಿ ಕಳೆದುಕೊಂಡರು.

ನಾವೂ ಸಹಿ ಹಾಕಿಲ್ಲ ಅಂತಲ್ಲ. ಬೇಕಾದಷ್ಟು ಹಾಕಿದ್ದೇವೆ. ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡ್ತಿದ್ದಾರಲ್ಲ, ಮೂರನೇ ಹಂತವೂ ಮಾಡಿ ಬಿಡಿ ಅಂತ ಇಲ್ಲಿ ಎಷ್ಟು ದಿನದಿಂದ ಕೂಗು. ಅಂಥದ್ದೇ ಒಂದು ಮನವಿಗೆ ನಮ್ಮ ಬೀದಿಯವರೆಲ್ಲ ಸಹಿ ಹಾಕಿ ಒಂದು ಕಚೇರಿಗೆ ಕೊಟ್ಟೆವು. ಗುಮಾಸ್ತರು ಸೀಲು ಒತ್ತಿದರು, ಒಂದು ಪ್ರತಿ ನಮಗೆ ಕೊಟ್ಟರು, ಮೂಲವನ್ನ ಫೈಲುಗಳ ರಾಶಿಯ ಮೇಲಿಟ್ಟು ಅದರ ಮೇಲೆ ಟೀ ಲೋಟ ಇಟ್ಟರು. ಆ ಪ್ರತಿ ಇನ್ನೂ ಬೀರುವಿನಲ್ಲಿದೆ. ಮ್ಯೂನಿಕ್‌ನಲ್ಲಿ ಕ್ಯೂ ನಿಂತವರ ಸಹಿಗೆ ಗಡುವಿತ್ತು, ಲೆಕ್ಕವಿತ್ತು, ಇಷ್ಟು ಬಿದ್ದರೆ ಇಂಥದ್ದು ಆಗಲೇಬೇಕು ಅಂತಿತ್ತು. ನಮ್ಮದಕ್ಕೆ ಸೀಲು ಮಾತ್ರ.

ಈ ವರ್ಷವೂ ಹೂ ಬಂದಿದೆ. ಹುಳವೂ ಬಂದಿದೆ, ಹೊಡೆಸದೆ ವಿಧಿಯಿಲ್ಲ. ಸ್ಪ್ರೇ ಹುಡುಗ ಬೆಳಗ್ಗೆ ಹತ್ತಕ್ಕೆ ಬರ್ತೀನಿ ಅಂದ. ಬೇಡಪ್ಪ, ಜೇನು ಗೂಡಿಗೆ ಹೋದ ಮೇಲೆ ಸಂಜೆ ಆರಕ್ಕೆ ಬಾ ಅಂದೆ. ಅವನು ನನ್ನ ಮುಖ ನೋಡಿ, "ಸಂಜೆ ಆದ್ರೆ ನೂರು ರೂಪಾಯಿ ಜಾಸ್ತಿ ಆಗುತ್ತೆ ಅಣ್ಣ" ಅಂದ.