ಅವರಿಬ್ಬರಿಗೆ ಮದುವೆ ಯಾಕೆ ಮಾಡಿಸಲಿಲ್ಲ ಅಂದರೆ...

ಪರದೆ ಬಿದ್ದ ಕೂಡಲೇ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಮೀನು ಮಾರ್ಕೆಟಿನಲ್ಲೂ ಬಿಡುವುದಿಲ್ಲ: “ಆ ಕುಲೆ ಹುಡುಗಿಗೂ ಬಾಡಿಗೆಮನೆ ಹುಡುಗನಿಗೂ ಅಷ್ಟು ಚಂದದ ಪ್ರೀತಿ ತೋರಿಸಿ ಕಡೆಗೆ ಮದುವೆ ಯಾಕೆ ಮಾಡಿಸಲಿಲ್ಲ?” ಕುಲೆ ಅಂದರೆ ತುಳುವಿನಲ್ಲಿ ತೀರಿಕೊಂಡವರ ಆತ್ಮ. ನನ್ನ ನಾಟಕದ ಬಗ್ಗೆ ಇದೊಂದೇ ಪ್ರಶ್ನೆ. ಹೇಳಿ ಹೇಳಿ ಸಾಕಾಯಿತು. ಇನ್ನು ಕೇಳಿದವರು ಇದನ್ನು ಓದಿಕೊಳ್ಳಿ.

ಹುಡುಗಿಯ ಮನೆಯವರು ಒಪ್ಪುವುದಿಲ್ಲ, ಅದಕ್ಕೆ. ಮದುವೆಯಾಗದೆ ತೀರಿಕೊಂಡವರಿಗೆ ಮದುವೆ ಮಾಡುವ ಕ್ರಮ ತುಳುನಾಡಿನಲ್ಲಿದೆ, ಕುಲೆ ಮದಿಮೆ. ಬದುಕಿದವರ ಶುಭಕಾರ್ಯಕ್ಕೆ ಆಗದ ಆಟಿ ತಿಂಗಳಲ್ಲೇ ಹೆಚ್ಚಾಗಿ ನಡೆಯುತ್ತದೆ. ಜಾತಿ ಒಂದೇ ಆಗಬೇಕು, ಬರಿ (ಗೋತ್ರದ ಹಾಗೆ, ಕುಲದ ಕವಲು) ಬೇರೆಯಾಗಬೇಕು, ವರನೂ ತೀರಿಕೊಂಡಿರಬೇಕು. 2024ರಲ್ಲಿ ಪುತ್ತೂರಿನ ಕಡೆಯ ಕುಟುಂಬವೊಂದು, ಸುಮಾರು 30 ವರ್ಷದ ಹಿಂದೆ ತೀರಿಕೊಂಡ ಮಗಳಿಗೆ ಅಷ್ಟೇ ವರ್ಷದ ಹಿಂದೆ ತೀರಿಕೊಂಡ ಗಂಡು ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ನನ್ನ ನಾಟಕದ ಸೋದರಮಾವನ ಮಾತು ಹುಟ್ಟಿದ್ದು ಅದರಿಂದಲೇ: “ಹುಡುಗ ಪಾಪದವ, ಬರಿಯೂ ಬೇರೆ. ಆದರೆ ಅವ ಬದುಕಿದ್ದಾನಲ್ಲ ಮಾರಾಯ್ರೆ!”

ಅಲ್ಲಿ ನಗಿ, ನಗಲಿಕ್ಕೆಂದೇ ಬರೆದದ್ದು. ಆದರೆ ಉಡುಪಿಯಲ್ಲಿ ಆಟ ಮುಗಿದ ಮೇಲೆ ಒಬ್ಬರು ಬಂದು, “ಇದನ್ನೆಲ್ಲ ನಿಮ್ಮ ಕಡೆ ಈಗಲೂ ನಂಬ್ತಾರಾ?” ಅಂತ ಕಿಸಕ್ಕನೆ ನಕ್ಕರು. ಮೈ ಉರಿಯಿತು. ಅಂಥ ಮದುವೆ ನಾನು ನೋಡಿದ್ದೇನೆ. ಎರಡು ಕುರ್ಚಿ, ಒಂದರ ಮೇಲೆ ಪಂಚೆ, ಶಲ್ಯ. ಇನ್ನೊಂದರ ಮೇಲೆ ಸೀರೆ, ರವಿಕೆ, ಬಳೆ, ಕರಿಮಣಿ. ಫ್ಯಾನಿನ ಗಾಳಿಗೆ ಸೆರಗು ಜಾರಿದಾಗೆಲ್ಲ ವಯಸ್ಸಾದ ಹೆಂಗಸೊಬ್ಬರು ಎದ್ದು ಸರಿಮಾಡಿ, ಮೇಲೆ ಮಲ್ಲಿಗೆ ಚೆಂಡು ಇಡುತ್ತಿದ್ದರು. ಅವರನ್ನು ನಂಬಿಕೆಯ ಬಗ್ಗೆ ಕೇಳಲು ಯಾರಿಗೆ ಬಾಯಿ ಬರುತ್ತದೆ?

ನನ್ನನ್ನು ಕೇಳಬೇಕಾದ್ದು ಬೇರೆ. ಎರಡನೇ ಅಂಕದಲ್ಲಿ ತಾಯಿ, ಆರಿಸಿದ್ದ ಕೆಂಪು ಸೀರೆ ವಾಪಸು ಕೊಟ್ಟು ಕಂದು ಬಣ್ಣದ್ದು ತರುತ್ತಾಳೆ. ಯಾಕೆಂದು ಒಬ್ಬರೂ ಕೇಳಿಲ್ಲ. ತೀರಿಕೊಂಡ ಮೇಲೂ ಮಕ್ಕಳು ಬೆಳೆಯುತ್ತಾರೆ ಅಂತಲೇ ಅಲ್ಲವೇ ಈ ಮದುವೆ? ಬಾಡಿಗೆಮನೆ ಹುಡುಗನ ಕಣ್ಣಿಗೆ ಆಕೆ ಇವತ್ತಿಗೂ 19ರ ಹುಡುಗಿ. ತಾಯಿ ಮಾತ್ರ ವರ್ಷಾವರ್ಷ ಲೆಕ್ಕ ಇಟ್ಟಿದ್ದಾಳೆ. ಅವಳಿಗೆ ಮಗಳ ಪ್ರಾಯ 49. ಆ ಪ್ರಾಯದ ಹೆಂಗಸನ್ನು ಹುಡುಗ ಒಮ್ಮೆಯೂ ನೋಡಿಲ್ಲ. ಅವನಿಗೆ ನಾನು ಹೇಗೆ ಹೆಣ್ಣು ಕೊಡಿಸಲಿ?