ನೊಣ, ಕಬ್ಬಿಣ, ಒಂದು ಹಾಳು ನೀಲಿ ದೀಪ

ಒಂದೂವರೆ ತಿಂಗಳು ತಲೆ ತಿಂದ ಕಳ್ಳ ಕೊನೆಗೂ ಸಿಕ್ಕಿಬಿದ್ದ. ಅಕ್ಕಿಕಾಳಿನಷ್ಟೂ ಇಲ್ಲದ ನೀಲಿ ಎಲ್‌ಇಡಿ!

ನಾನು ನೋಡಲು ಹೊರಟಿದ್ದು ಇಷ್ಟೇ: ಊಟದಲ್ಲಿ ಕಬ್ಬಿಣ ಹೆಚ್ಚಾದರೆ ಹಣ್ಣಿನ ನೊಣದ ಒಳಗಿನ ಗಡಿಯಾರ, ಅಂದರೆ ಹೊತ್ತಿಗೆ ಸರಿಯಾಗಿ ಏಳುವ-ಮಲಗುವ ಲಯ, ಕೆಡುತ್ತದಾ? ಟ್ಯೂಬಿಗೆ ಊಟ ತುಂಬಿದ್ದು, ಮೇಣ ಹಚ್ಚಿದ್ದು, ಹತ್ತಿ ತುರುಕಿದ್ದು ಎಲ್ಲ ಇರಲಿ, ಬಿಡಿ. ಇನ್‌ಕ್ಯುಬೇಟರ್ ಪೆಟ್ಟಿಗೆಯೊಳಗೆ ನೊಣಗಳ ಓಡಾಟ ಎಣಿಸುವ ಎರಡು ಮಾನಿಟರ್, ಒಂದರ ಕೆಳಗೊಂದು. ಮೇಲಿನದರ 32 ನೊಣಗಳಿಗೆ ಬರೀ ಸಕ್ಕರೆ-ಅಗರ್. ಕೆಳಗಿನ 32ಕ್ಕೆ ಅದರ ಜೊತೆ ಫೆರಿಕ್ ಅಮೋನಿಯಂ ಸಿಟ್ರೇಟ್ ಎಂಬ ಕಬ್ಬಿಣದ ಲವಣ. 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಇದ್ದಾಗ ಎರಡೂ ಗುಂಪು ಶಿಸ್ತಾಗಿದ್ದವು. ಪೂರ್ತಿ ಕತ್ತಲೆ ಮಾಡಿದ್ದೇ ತಡ, ಕಬ್ಬಿಣ ತಿಂದವು ಹೊತ್ತುಗೊತ್ತಿಲ್ಲದೆ ಓಡಾಡತೊಡಗಿದವು. ಗ್ರಾಫ್ ನೋಡಿದರೆ ಸಾಸಿವೆ ಚೆಲ್ಲಿದ ಹಾಗೆ.

ಖುಷಿಯಾಗದೆ ಇರುತ್ತಾ? ಕಬ್ಬಿಣವಿರುವ ಹೀಮ್ ಎಂಬ ಅಣುವಿಗೂ ಗಡಿಯಾರಕ್ಕೂ ನಂಟು ಇದ್ದೇ ಇದೆ. ನೊಣದ ಇ75 ಪ್ರೋಟೀನ್ ಹೀಮ್ ಹಿಡಿದುಕೊಳ್ಳುತ್ತದೆ, ಗಡಿಯಾರ ನಡೆಸುವ ಪೀರಿಯಡ್ ಜೀನ್ ಮೇಲೂ ಹಿಡಿತ ಇಟ್ಟುಕೊಂಡಿದೆ. ಗಡಿಯಾರದ ನರಕೋಶಗಳಲ್ಲಿ ಕಬ್ಬಿಣ ನಿಭಾಯಿಸುವ ಕೆಲವು ಜೀನ್‌ಗಳನ್ನು ತಗ್ಗಿಸಿದರೆ ಲಯ ಕೆಡುತ್ತದೆ ಎಂದು 2012ರಲ್ಲೇ ವರದಿಯಾಗಿದೆ.

ಆದರೂ ಅನುಮಾನ. ಮೊದಲು ಬೈದದ್ದು ಆ ಕಬ್ಬಿಣದ ಪುಡಿ ಕಳಿಸಿದವರನ್ನು. ಹಸಿರು ಕೇಳಿದರೆ ಕಂದು ಬಂದಿತ್ತು. ‘ಎರಡೂ ಒಂದೇ’ ಅಂದರು. ಒಂದೇ ಅಂತೆ! ಕಂದಿನಲ್ಲಿ ಕಬ್ಬಿಣ ಜಾಸ್ತಿ. ಪ್ರಮಾಣ ಅರ್ಧಕ್ಕಿಳಿಸಿ, ಹೊಸ ನೊಣ ಹಾಕಿ ಮತ್ತೆ ಹತ್ತು ದಿನ ಕಾದೆ. ಅದೇ ಕಥೆ.

ಬೇಸತ್ತು, ಸುಮ್ನೆ ಎರಡೂ ಮಾನಿಟರ್‌ಗಳ ಜಾಗ ಅದಲುಬದಲು ಮಾಡಿದೆ. ಈಗ ಕಬ್ಬಿಣದವು ಶಿಸ್ತು, ಸಕ್ಕರೆಯವಕ್ಕೆ ಹುಚ್ಚು! ಅಂದರೆ ತಪ್ಪು ಊಟದ್ದಲ್ಲ, ಜಾಗದ್ದು.

ಕೋಣೆ ಕತ್ತಲು ಮಾಡಿ, ಹೊದಿಕೆ ಹೊದ್ದು, ಇನ್‌ಕ್ಯುಬೇಟರ್ ಒಳಗೆ ತಲೆ ತೂರಿಸಿ ಕಾಲು ಗಂಟೆ ಕೂತೆ. ಕಣ್ಣು ಹೊಂದಿಕೊಂಡ ಮೇಲೆ ಕೆಳಗಡೆ ಫ್ಯಾನಿನ ವೈರ್ ಪಕ್ಕ ಒಂದು ನೀಲಿ ಚುಕ್ಕೆ ಕಂಡಿತು. ನಾನೇ ಅಂಟಿಸಿದ್ದ ಕಪ್ಪು ಟೇಪಿನ ಅಂಚು ಎದ್ದಿತ್ತು. ಬೆಳಕು ಬೀಳುತ್ತಿದ್ದದ್ದು ಕೆಳಗಿನ ಮಾನಿಟರ್‌ಗೆ ಮಾತ್ರ; ಮೇಲಿನ ಹಲಗೆಗೆ ಕೆಳಗಿನದೇ ಮರೆ. ನೀಲಿ ಬೆಳಕು ಬಿದ್ದರೆ ನೊಣದೊಳಗಿನ ಕ್ರಿಪ್ಟೋಕ್ರೋಮ್ (ಬೆಳಕು ಗುರುತಿಸುವ ಪ್ರೋಟೀನ್) ಎಚ್ಚೆತ್ತು ಗಡಿಯಾರಕ್ಕೆ ಬೇಕಾದ ಟೈಮ್‌ಲೆಸ್ ಪ್ರೋಟೀನನ್ನು ಹಾಳುಗೆಡವುತ್ತದೆ. ಬಿಡುವಿಲ್ಲದೆ ಬೀಳುತ್ತಿದ್ದರೆ ಗಡಿಯಾರವೇ ಕೈಚೆಲ್ಲುತ್ತದೆ. ನಾನು ಕೊಟ್ಟಿದ್ದು ಕತ್ತಲೆ ಅಲ್ಲವೇ ಅಲ್ಲ.

ಎರಡು ಸುತ್ತು ಹೊಸ ಟೇಪ್. ಈ ಸಲ ಎರಡು ಗುಂಪೂ ಹೆಚ್ಚುಕಮ್ಮಿ 24 ಗಂಟೆಗೊಮ್ಮೆ ಸರಿಯಾಗಿ ಏಳುತ್ತಿವೆ. ಹೆಚ್ಚಾದ ಕಬ್ಬಿಣವನ್ನು ಕರುಳಿನ ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೋಟೀನ್) ಅಲ್ಲೇ ಕಟ್ಟಿಹಾಕುತ್ತದೆ ಅಲ್ವಾ, ಮೆದುಳಿನ ತನಕ ಹೋಗುವುದು ಅಷ್ಟು ಸಲೀಸಲ್ಲ. ಮುಂದಿನ ಸಲ ಉಲ್ಟಾ: ಬಿಪಿಎಸ್ ಎಂಬ, ಕಬ್ಬಿಣವನ್ನು ಹಿಡಿದಿಡುವ ರಾಸಾಯನಿಕ ಹಾಕಿ ನೊಣಗಳಿಗೆ ಕಬ್ಬಿಣ ಸಿಗದ ಹಾಗೆ ಮಾಡುವುದು.

ಅಷ್ಟರಲ್ಲಿ ಹಸಿರು ಪುಡಿ ಬಂದಿದೆ, ಅರ್ಧ ಕಿಲೋ! ನೊಣಗಳಿಗೆ ಚಿಟಿಕೆ ಸಾಕು. ಉಳಿದದ್ದು ಸೈನೋಟೈಪ್‌ಗೆ. ಪೊಟ್ಯಾಸಿಯಂ ಫೆರಿಸಯನೈಡ್ ಜೊತೆ ಕಲಸಿ ಕಾಗದಕ್ಕೆ ಬಳಿದು, ಬಿಸಿಲಿಗಿಟ್ಟು ತೊಳೆದರೆ ನೀಲಿ ಚಿತ್ರ. ಮೊದಲು ಅಚ್ಚು ಹಾಕುವುದು ಆ ಸಾಸಿವೆ ಗ್ರಾಫನ್ನೇ.